ಮಂಡಿಗೆ ಸುತ್ತಿಗೆ ಬಿದ್ರೂ ಕಾಲು ಎಗರದಿದ್ರೆ?

ನಮಸ್ಕಾರ! ಹೋದ ತಿಂಗಳು ಅಮ್ಮಂಗೆ ಪಾದ ಜೋಮು ಹಿಡಿಯುತ್ತೆ ಅಂತ ಮಂಡ್ಯದಲ್ಲಿ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಕಾಲು ಇಳಿಬಿಟ್ಟು ಕೂರಿಸಿ ಮಂಡಿ ಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೇಲಿ ಟಕ್ ಅಂತ ಹೊಡೆದ್ರು. ಕಾಲು ಅಲ್ಲಾಡ್ಲಿಲ್ಲ. ಇನ್ನೊಂದ್ಸಲ ಹೊಡೆದ್ರು, ಊಹೂಂ. ನನ್ನ ಎದೆ ಧಸಕ್ ಅಂತು. ಆಗ ಡಾಕ್ಟರ್, "ಅಮ್ಮಾ, ಎರಡೂ ಕೈ ಬೆರಳು ಕೊಕ್ಕೆ ಥರ ಸೇರಿಸ್ಕೊಂಡು ಜೋರಾಗಿ ಎಳೀರಿ" ಅಂದ್ರು, ಅಮ್ಮ ಹಲ್ಲು ಕಚ್ಕೊಂಡು ಎಳೀತಿದ್ದಂಗೇ ಟಕ್, ಕಾಲು ಎಗರ್ತು!

ಕೈ ಎಳೆದ್ರೆ ಕಾಲು ಯಾಕೆ ಎಗರುತ್ತೆ? ಸುತ್ತಿಗೆ ಬಿದ್ದಾಗ ತೊಡೆ ಸ್ನಾಯು ಹಿಗ್ಗುತ್ತೆ, ಸುದ್ದಿ ನರದಲ್ಲಿ ಬೆನ್ನುಹುರಿಗೆ ಹೋಗಿ ಅಲ್ಲಿಂದಾನೇ ವಾಪಸ್ ಬರುತ್ತೆ, ಮೆದುಳನ್ನ ಕೇಳೋದೇ ಇಲ್ಲ, ಕಾಲು ತಾನಾಗೇ ಎಗರುತ್ತೆ. ಇದಕ್ಕೇ ರಿಫ್ಲೆಕ್ಸ್ ಅನ್ನೋದು. ಮಂಡಿಗೆ ಹೊಡೆದ್ರೆ ಕಾಲು ಎಗರುತ್ತೆ ಅನ್ನೋದನ್ನ 1875ರಲ್ಲಿ ಜರ್ಮನಿಯ ಎರ್ಬ್, ವೆಸ್ಟ್‌ಫಾಲ್ ಅನ್ನೋ ಡಾಕ್ಟರುಗಳು ಬರೆದಿಟ್ರು. ಬೇರೆ ಕಡೆ ಬಿಗಿ ಹಿಡಿದ್ರೆ ಬೆನ್ನುಹುರಿಯ ಈ ದಾರಿ ಚುರುಕಾಗುತ್ತೆ, ಗಮನಾನೂ ಕಾಲಿಂದ ಆಚೆ ಹೋಗುತ್ತೆ. ಹಂಗೇರಿಯ ಯೆಂಡ್ರಾಸಿಕ್ ಅನ್ನೋ ಡಾಕ್ಟರ್ ತೋರಿಸ್ಕೊಟ್ಟ ಉಪಾಯ ಇದು, ಹಂಗಾಗಿ ಇದನ್ನ ಮಾಡಿಸಿ ನೋಡದೆ ರಿಫ್ಲೆಕ್ಸ್ ಇಲ್ಲ ಅಂತ ಹೇಳೋ ಹಾಗೇ ಇಲ್ಲ.

ಆದ್ರೆ ಹಿಮ್ಮಡಿ ಮೇಲಿನ ರಿಫ್ಲೆಕ್ಸ್ ಏನ್ ಮಾಡಿದ್ರೂ ಬರ್ಲಿಲ್ಲ. ಅಮ್ಮಂಗೆ ಹನ್ನೆರಡು ವರ್ಷದಿಂದ ಶುಗರ್. ನಮ್ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ: ಕೆಆರ್‌ಎಸ್‌ನಿಂದ ವಿಸಿ ನಾಲೆಗೆ ನೀರು ಕಮ್ಮಿ ಬಿಟ್ರೆ ಮೊದಲು ಒಣಗೋದು ಯಾರ ಗದ್ದೆ? ಕೊನೇ ಭಾಗದವರದ್ದು, ಅಲ್ವಾ? ಸೊಂಟದಿಂದ ಪಾದದವರೆಗಿನ ನರ ಮೈಯಲ್ಲೇ ಉದ್ದದ್ದು, ಶುಗರ್ ಜಾಸ್ತಿ ಇದ್ದಾಗ ಮೊದಲು ಸೊರಗೋದು ಅದರ ತುದೀನೇ. ಮಂಡಿಗಿನ್ನೂ ನೀರು ಬರ್ತಿದೆ, ಹಿಮ್ಮಡಿಗೆ ನಿಂತೋಗಿದೆ. ಈಗ ಅಮ್ಮ ಬರಿಗಾಲಲ್ಲಿ ಗದ್ದೆಗಿಳಿಯಲ್ಲ, ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ ಅಂತ ರಾತ್ರಿ ನಾನೇ ಟಾರ್ಚ್ ಹಾಕಿ ಅಂಗಾಲು ನೋಡ್ತೀನಿ.

ಟೈಮ್ ಆಗ್ತಿದೆ, ಉಳಿದಿದ್ದು ಬೇಗ ಹೇಳ್ತೀನಿ. ಸೊಂಟದ ಡಿಸ್ಕ್ ನರ ಒತ್ತಿದ್ರೆ ಒಂದೇ ಕಡೆ ರಿಫ್ಲೆಕ್ಸ್ ಹೋಗ್ಬೋದು, ಥೈರಾಯ್ಡ್ ಕಮ್ಮಿ ಇದ್ರೆ ಹಿಮ್ಮಡಿ ಮೇಲೆ ಹೊಡೆದಾಗ ಎಗರಿದ ಪಾದ ನಿಧಾನಕ್ಕೆ ವಾಪಸ್ ಬರುತ್ತೆ, ವಯಸ್ಸಾದವರಲ್ಲಿ ಹಿಮ್ಮಡೀದು ಕಮ್ಮಿ ಆಗೋದು ಮಾಮೂಲಿ, ಆರೋಗ್ಯವಾಗಿರೋ ಕೆಲವ್ರಿಗೂ ಇರಲ್ಲ. ಅದೊಂದನ್ನೇ ಹಿಡ್ಕೊಂಡು ಹೆದರ್ಬೇಡಿ.

ಹೆದರ್ಬೇಕಾದ್ದು ಗೀಲನ್ ಬಾರೆ ಅನ್ನೋ ನರದ ಕಾಯಿಲೆಗೆ. 1916ರಲ್ಲಿ ಫ್ರಾನ್ಸಿನ ಡಾಕ್ಟರುಗಳು ಇಬ್ಬರು ಸೈನಿಕರಲ್ಲಿ ಕಂಡು ವಿವರಿಸಿದ್ದು. ಕಾಲು ಸೋತು, ಕೆಲವೇ ದಿನದಲ್ಲಿ ಸೋಲು ಮೇಲಕ್ಕೇರುತ್ತೆ, ರಿಫ್ಲೆಕ್ಸ್ ಮಾಯ ಆಗುತ್ತೆ, ಉಸಿರಾಟಕ್ಕೂ ತಟ್ಬೋದು. ನಿನ್ನೆ ಮೆಟ್ಲು ಹತ್ತಿದವ್ರು ಇವತ್ತು ಎದ್ದು ನಿಲ್ಲಕ್ಕಾಗ್ತಿಲ್ಲ ಅಂದ್ರೆ ಎಣ್ಣೆ ಹಚ್ಕೊಂಡು ಕೂರ್ಬೇಡಿ, ಆಗಿಂದಾಗ್ಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ.