ದಿನಕ್ಕೆರಡು ಸಲ ಹಿಂದಕ್ಕೆ ಹರಿಯುವ ಹಳ್ಳ

ಆ ತೆಂಗಿನ ಗರಿಯನ್ನೇ ನೋಡುತ್ತಾ ಇರಿ. ಸಮುದ್ರ ಇರುವುದು ನನ್ನ ಬೆನ್ನ ಹಿಂದೆ, ಬೇತುಲ್ ಕಡೆ. ಗರಿ ತೇಲುತ್ತಿರುವುದು ಮುಂದಕ್ಕೆ, ಊರೊಳಗೆ. ಉಬ್ಬರ ಶುರುವಾಗಿದೆ.

ನಾವಿರುವುದು ದಕ್ಷಿಣ ಗೋವಾದ ಅಸ್ಸೋಳ್ಣಾ ಹತ್ತಿರ. ಈ ಸಣ್ಣ ಹಳ್ಳ ಸಾಳ್ ನದಿಗೆ ಸೇರುತ್ತದೆ. ಸಾಳ್ ವೆರ್ಣಾ ಕಡೆ ಹುಟ್ಟಿ, ಮಡಗಾಂವ್ ಪಕ್ಕ ಹಾದು, ಬೇತುಲ್‌ನಲ್ಲಿ ಸಮುದ್ರ ಸೇರುವ ನದಿ. ಮೊದಲ ಸಲ ಬಂದಾಗ ಇಳಿತದ ಹೊತ್ತು. ಬರೀ ಕಪ್ಪು ಕೆಸರು, ವಾಸನೆ. ಇಲ್ಲಿ ನೋಡುವಂಥದ್ದು ಏನೂ ಇಲ್ಲ ಅಂದುಕೊಂಡಿದ್ದೆ. ಆ ಮಾತು ವಾಪಸ್ ತಗೊಂಡೆ.

ಇದು ಮಾನಸ್. ಒಡ್ಡಿನಲ್ಲಿ ಕೂರಿಸಿದ ಮರದ ಬಾಗಿಲು. ಹತ್ತಿರದಿಂದ ನೋಡಿ, ಹಲಗೆ ತುಂಬಾ ಕಲಗದ ಚಿಪ್ಪು ಅಂಟಿಕೊಂಡಿದೆ. ಹೊರಗಿನ ಉಪ್ಪುನೀರು ಏರಿದರೆ ಅದೇ ಒತ್ತಿ ಬಾಗಿಲು ಮುಚ್ಚುತ್ತದೆ. ಇಳಿದರೆ ಗದ್ದೆಯ ನೀರು ಒಳಗಿನಿಂದ ತಳ್ಳಿ ತೆರೆಯುತ್ತದೆ. ಮೋಟಾರ್ ಇಲ್ಲ, ಕರೆಂಟ್ ಇಲ್ಲ. ಒಳಗಿರುವುದು ಖಾಜನ್ ಗದ್ದೆ, ಅಂದರೆ ಒಡ್ಡು ಕಟ್ಟಿ ಉಪ್ಪುನೀರು ತಡೆದ ತಗ್ಗು ಗದ್ದೆ. ನಮ್ಮ ಕುಮಟಾದಲ್ಲಿ ಇದೇ ಗಜನಿ, ಅಲ್ವಾ? ಇಲ್ಲಿ ಉಪ್ಪು ತಡೆಯುವ ಭತ್ತ ಕೊರ್ಗುಟ್, ನಮ್ಮಲ್ಲಿ ಕಗ್ಗ. ಅಜ್ಜಿ ಕಗ್ಗದಕ್ಕಿ ಗಂಜಿಗೆ ಸುಟ್ಟ ಒಣಮೀನು ಕೊಡುತ್ತಿದ್ದಳು. ಆ ಗಂಜಿ ಕುಡಿದರೆ ಮಧ್ಯಾಹ್ನದವರೆಗೆ ಹಸಿವೇ ಇಲ್ಲ... ಅಯ್ಯೋ, ಬಾಗಿಲು ಮುಚ್ಚಿತು, ನೋಡಿ ನೋಡಿ!

ಈಗ ನನ್ನ ಕಷ್ಟ. ಬೆಳಿಗ್ಗೆ ದಾಟಿ ಬಂದ ಚಿರೆಕಲ್ಲುಗಳು ಎಲ್ಲಿ? ಇಲ್ಲೇ ಇದ್ದವು, ಏಳು ಕಲ್ಲು. ಎರಡು ಗಂಟೆ ಶೂಟ್ ಮಾಡುವಷ್ಟರಲ್ಲಿ ಎಲ್ಲಾ ಮುಳುಗಿವೆ. ಇಳಿದು ನೋಡಿದೆ, ಮೊಣಕಾಲಿನವರೆಗೆ ಕೆಸರು. ಕಾಲು ಎತ್ತಿದರೆ ಚಪ್ಪಲಿ ಒಳಗೇ ಉಳಿಯಿತು. ಕೈ ಹಾಕಿ ಹುಡುಕಿದೆ, ಸಿಕ್ಕಿದ್ದು ಒಡೆದ ಚಿಪ್ಪು, ಬೆರಳು ಕೊಯ್ದುಕೊಂಡೆ. ಮೊನ್ನೆ ತಾನೇ ತಗೊಂಡ ಚಪ್ಪಲಿ, 650 ರೂಪಾಯಿ! ಸ್ಕೂಟರ್ ಆಚೆ ದಡದಲ್ಲಿ ಕಾಣುತ್ತಿದೆ, ಕೂಗಿದರೆ ಕೇಳುವಷ್ಟು ದೂರ. ಹೋಗಬೇಕು ಅಂದರೆ ಒಡ್ಡಿನ ಮೇಲೆ ಸುತ್ತಿ, ರಸ್ತೆ ಸೇತುವೆಗೆ ಹೋಗಿ, ಆಚೆ ದಡದಲ್ಲಿ ವಾಪಸ್ ನಡೆದು ಬರಬೇಕು. ಬರಿಗಾಲಲ್ಲಿ, ಈ ಬಿಸಿಲಲ್ಲಿ. ಇಲ್ಲೊಂದು ಸಂಕ, ಸಣ್ಣ ಕಾಲುಸೇತುವೆ, ಹಾಕೋಕೆ ಯಾರಿಗೂ ಆಗಿಲ್ವಾ?

ಬೇಡ ಬಿಡಿ. ಸಂಕ ತಗ್ಗಾಗಿದ್ದರೆ ಉಬ್ಬರದಲ್ಲಿ ದೋಣಿ ನುಸುಳುವುದು ಹೇಗೆ? ಅಗೋ, ಒಬ್ಬರು ಬಲೆ ಹೇರಿಕೊಂಡು ಒಳಗೆ ಬರುತ್ತಿದ್ದಾರೆ. ಹುಟ್ಟು ಹಾಕುವುದೇ ಬೇಡ, ನೀರೇ ತರುತ್ತಿದೆ.

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನಾಳೆ ಇದೇ ನೀರು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಕಲ್ಲು ಮತ್ತೆ ಕಾಣೋಕೆ ಇನ್ನೂ ಎಂಟೊಂಬತ್ತು ಗಂಟೆ ಬೇಕು. ಚಪ್ಪಲಿಗೆ ರಾತ್ರಿ ಟಾರ್ಚ್ ಹಿಡಿದು ಬರುತ್ತೇನೆ. ಕ್ಯಾಮೆರಾ ಬ್ಯಾಟರಿ ಕೆಂಪಾಯಿತು, ನಡೀತೀನಿ.