ಕಾಲು ಎತ್ತಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನೊಬ್ಬ ಪಶುವೈದ್ಯ. ಇವತ್ತು ನನಗೆ ಕೊಟ್ಟಿರುವ ವಿಷಯ ‘ಹೈನುರಾಸುಗಳ ಪಾದದ ಆರೈಕೆ’. ಈ ಹೆಸರು ಕೇಳಿದ ಕೂಡಲೇ ಅರ್ಧ ಜನ ರೇಡಿಯೋ ಕಿವಿ ಹಿಂಡಿರುತ್ತೀರಿ, ನನಗೆ ಗೊತ್ತು. ಉಳಿದವರಿಗೆ ಮೊದಲು ಒಂದು ಗುಟ್ಟು ಹೇಳಿಬಿಡುತ್ತೇನೆ.

ರಾತ್ರಿ ಮಲಗುವ ಮುಂಚೆ ನಾನು ಮೊಬೈಲಿನಲ್ಲಿ ಹಸುವಿನ ಗೊರಸು ಹೆರೆಯುವ ವಿಡಿಯೋ ನೋಡುತ್ತೇನೆ. ಹಗಲೆಲ್ಲ ಅದೇ ಕೆಲಸ ಮಾಡಿ ಬಂದು ರಾತ್ರಿಯೂ ಅದನ್ನೇ ನೋಡುವುದೇ ಎಂದು ಮನೆಯವರು ಬೈಯುತ್ತಾರೆ. ಊಟದ ತಟ್ಟೆ ಮುಂದಿದ್ದಾಗ ನೋಡಕೂಡದು ಎಂಬ ಕಾನೂನೂ ಆಗಿದೆ. ಮೊದಮೊದಲು ನಾನೂ ಹೊದಿಕೆಯೊಳಗೆ ಕದ್ದು ನೋಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಕದ್ದು ನೋಡುವವನು ನಾನೊಬ್ಬನೇ ಅಲ್ಲ. ಸ್ಕಾಟ್ಲೆಂಡಿನಲ್ಲಿ ಗ್ರೇಮ್ ಪಾರ್ಕರ್ ಎಂಬ ಗೊರಸು ಕೆಲಸದವರಿದ್ದಾರೆ, ‘ದ ಹೂಫ್ ಜಿಪಿ’ ಅಂತ ಅವರ ಚಾನೆಲ್ ಹೆಸರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೇಟ್ ರನಾಲೊ ಎಂಬುವರು. ಇವರು ಹಸುವಿನ ಕಾಲು ಎತ್ತಿ ಕಟ್ಟಿ, ಸಗಣಿ ಕೆರೆದು, ಕೀವು ಬಿಡಿಸುವುದನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ. ಹುಟ್ಟಿದಾಗಿನಿಂದ ಹಸುವಿನ ಬಾಲ ಮುಟ್ಟದ ಪೇಟೆಯವರೂ ನೋಡುತ್ತಾರೆ. ಮನುಷ್ಯರ ಮೊಡವೆ ಹಿಸುಕುವುದು, ಕಿವಿಯ ಗುಗ್ಗೆ ತೆಗೆಯುವುದು, ಇವೂ ಅದೇ ಜಾತಿಯವು. ಕ್ಯಾಲಿಫೋರ್ನಿಯಾದ ಚರ್ಮವೈದ್ಯೆ ಸ್ಯಾಂಡ್ರಾ ಲೀ ಮೊಡವೆ, ಗಡ್ಡೆ ತೆಗೆಯುವುದನ್ನು ತೋರಿಸಿ ಎಷ್ಟು ಹೆಸರಾದರೆಂದರೆ, 2018ರಲ್ಲಿ ಅದು ಟಿವಿ ಕಾರ್ಯಕ್ರಮವೇ ಆಯಿತು.

‘ಥೂ’ ಅನ್ನುತ್ತೇವೆ, ಕಣ್ಣು ಮಾತ್ರ ತೆಗೆಯುವುದಿಲ್ಲ. ಯಾಕೆ? ಮಳೆಗಾಲದಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುವುದಿಲ್ಲವೇ? ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕೈ ಮಾತ್ರ ಇನ್ನೊಂದಕ್ಕೆ ಹೋಗುತ್ತದೆ. ಅಪಾಯವಿಲ್ಲ ಎಂದು ಒಳಗೆ ಗೊತ್ತಿರುವ ಕಷ್ಟವನ್ನು ಮನುಷ್ಯ ಸವಿಯುತ್ತಾನೆ ಎಂದು ಪಾಲ್ ರೋಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಹೇಳಿದ್ದಾರೆ. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದವರು ಒಂದಷ್ಟು ಹೆಂಗಸರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ ಮೊಡವೆ ಹಿಸುಕುವ ವಿಡಿಯೋ ತೋರಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಷ್ಟಪಟ್ಟು ನೋಡುವವರು ಅಸಹ್ಯವನ್ನು ಹತೋಟಿಯಲ್ಲಿಡುವುದರಲ್ಲಿ ಗಟ್ಟಿಗರು ಅಂತ ಕಂಡುಬಂತು. ಅಂದಮೇಲೆ ನೋಡುವುದರಲ್ಲಿ ನಾಚಿಕೆ ಬೇಡ. ಅದರ ಜೊತೆಗೆ ಒಂದೇ ಒಂದು ಕೆಲಸ ಮಾಡಿ ಅಂತ ಕೇಳಿಕೊಳ್ಳುತ್ತೇನೆ: ನಿಮ್ಮ ಕೊಟ್ಟಿಗೆಗೆ ಹೋಗಿ, ನಿಮ್ಮ ಹಸುವಿನ ಕಾಲು ಎತ್ತಿ ನೋಡಿ.

ಹಸು ಎರಡು ಬೆರಳ ಮೇಲೆ ನಿಲ್ಲುವ ಪ್ರಾಣಿ. ಗೊರಸು ಅಂದರೆ ಆ ಬೆರಳಿನ ಉಗುರು. ನಮ್ಮ ಉಗುರಿನ ಹಾಗೇ ಅದೂ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 5 ಮಿಲಿಮೀಟರ್. ಹಿಂದೆ ದನ ಗೋಮಾಳಕ್ಕೆ ಹೋಗಿ ಬರುತ್ತಿತ್ತು, ಕಲ್ಲುಮಣ್ಣಿಗೆ ಉಜ್ಜಿ ತಾನಾಗಿ ಸವೆಯುತ್ತಿತ್ತು. ಈಗಿನ ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಷಿಯನ್ ತಳಿಯ ಸೀಮೆಹಸು, ಕಟ್ಟಿದ ಗೂಟದಲ್ಲೇ ನಿಂತಿರುತ್ತದೆ, ಸಿಮೆಂಟಿನ ಮೇಲೆ, ಗಂಜಲದಲ್ಲಿ ನೆನೆದುಕೊಂಡು. ಉಗುರು ಚಪ್ಪಲಿಯ ಹಾಗೆ ಮುಂದಕ್ಕೆ ಬೆಳೆಯುತ್ತದೆ, ಭಾರ ಹಿಮ್ಮಡಿಗೆ ಬೀಳುತ್ತದೆ. ಸಂಕ್ರಾಂತಿಗೆ ಕೊಂಬು ಹೆರೆದು ಬಣ್ಣ ಬಳಿಯುತ್ತೀರಿ, ಟೇಪು ಕಟ್ಟುತ್ತೀರಿ, ಕಿಚ್ಚು ಹಾಯಿಸುತ್ತೀರಿ. ಆ ಕೊಂಬನ್ನು ಹೊತ್ತು ನಿಂತ ಕಾಲಿನ ಕೆಳಗೆ ಏನಿದೆ ಅಂತ ಒಬ್ಬರೂ ಬಗ್ಗುವುದಿಲ್ಲ.

ಕೆಲವು ವರ್ಷದ ಹಿಂದೆ ಒಂದು ಹಳ್ಳಿಯಿಂದ ಕರೆ ಬಂತು. ಒಬ್ಬ ಅಜ್ಜಿಯ ಮನೆ. ಎರಡನೇ ಸೂಲಿನ ಹಸು, ಹೊತ್ತಿಗೆ ಏಳು ಲೀಟರ್ ಕೊಡುತ್ತಿದ್ದದ್ದು ಮೂರಕ್ಕೆ ಇಳಿದಿತ್ತು. ಬಲ ಹಿಂಗಾಲನ್ನು ನೆಲಕ್ಕೆ ತಾಗಿಸಿ ತಾಗಿಸದ ಹಾಗೆ ಇಟ್ಟು ನಿಂತಿತ್ತು. ತೊಡೆ ಉಳುಕಿದೆ ಎಂದು ಎರಡು ವಾರ ಎಣ್ಣೆ ತಿಕ್ಕಿದ್ದರು. ಆಮೇಲೆ ಯಾರದೋ ಮಾತು ಕೇಳಿ ಬರೆಯನ್ನೂ ಎಳೆಸಿದ್ದರು. ಪಾಪ, ನೋವಿದ್ದದ್ದು ಪಾದದಲ್ಲಿ, ಸುಟ್ಟದ್ದು ತೊಡೆಯನ್ನು. “ಅಜ್ಜಿ, ಕಾಲು ಎತ್ತಿ ನೋಡಿದ್ರಾ?” ಅಂದೆ. “ಒದ್ದರೆ ನನ್ನ ಸೊಂಟ ನೋಡೋಕೆ ನೀವು ಬರ್ತೀರಾ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಹುಣಸೆ ಮರಕ್ಕೆ ಹಸುವನ್ನು ಒತ್ತಿ ನಿಲ್ಲಿಸಿ, ಕೊಂಬೆಗೆ ಹಗ್ಗ ಹಾಕಿ ಕಾಲು ಎತ್ತಿದೆವು. ಅಷ್ಟರಲ್ಲಿ ಅರ್ಧ ಊರು ಸೇರಿತ್ತು, ಎಲ್ಲರೂ ಸೆರಗು, ಟವೆಲ್ಲು ಮೂಗಿಗೆ ಹಿಡಿದು. ಸಗಣಿ ತೊಳೆದು, ಮೇಲಿನ ಕಪ್ಪು ಪದರ ತೆಗೆದರೆ ಒಳಗೆ ಕೊಬ್ಬರಿ ಬಣ್ಣದ ಹಸನಾದ ಉಗುರು. ಗೊರಸಿನ ಗೋಡೆಯೂ ಅಂಗಾಲೂ ಕೂಡುವ ಕಡೆ ಒಂದು ಬಿಳಿ ಗೆರೆ ಇರುತ್ತದೆ, ಬಟ್ಟೆಯ ಹೊಲಿಗೆ ಇದ್ದ ಹಾಗೆ. ಬಿಚ್ಚಿಕೊಳ್ಳುವುದು ಯಾವಾಗಲೂ ಹೊಲಿಗೆಯೇ ತಾನೆ? ಹೊರಬೆರಳಿನ ಆ ಗೆರೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ. ಬರೀ ಕಲೆಯಾಗಿದ್ದರೆ ಒಂದೆರಡು ಸಲ ಹೆರೆದರೆ ಹೋಗಬೇಕು. ಇದು ಹೆರೆದಷ್ಟೂ ಒಳಗೆ ಇಳಿಯಿತು. ಚುಕ್ಕೆಯ ಬೆನ್ನು ಹತ್ತಿ ಹೋದೆ. ಕಾಗದದಷ್ಟು ತೆಳ್ಳಗೆ ಒಂದೊಂದೇ ಸಿಪ್ಪೆ. ಮೊದಲು ಸಿಕ್ಕಿದ್ದು ಒಂದು ಜಲ್ಲಿ ಚೂರು. ಅದನ್ನು ಚಾಕುವಿನ ಕೊಕ್ಕೆಯಲ್ಲಿ ಎಬ್ಬಿಸಿದೆ ನೋಡಿ, ‘ಚಿರ್’ ಅಂತ ಬೂದುಬಣ್ಣದ ಕೀವು ಚಿಮ್ಮಿ ನನ್ನ ಅಂಗಿಯ ಮೇಲೆ! ವಾಸನೆ ಹೇಗಿತ್ತು ಅಂತ ಹೇಳುವುದಿಲ್ಲ, ನೀವು ತಿಂಡಿ ತಿನ್ನುತ್ತಿರಬಹುದು.

ಜನ ಹಿಂದಕ್ಕೆ ಹಾರಬೇಕಿತ್ತಲ್ಲ? ಎಲ್ಲರೂ ಮುಂದಕ್ಕೆ ಬಗ್ಗಿದರು! ಮೂಗಿನ ಮೇಲಿದ್ದ ಟವೆಲ್ಲು ಎಲ್ಲಿ ಹೋಯಿತೋ. ‘ಹಾಆ...’ ಎಂದು ಒಂದೇ ಉಸಿರು ಬಿಟ್ಟರು, ಕೀವು ತಮ್ಮ ಕಾಲಿನಿಂದಲೇ ಹೋಯಿತೇನೋ ಅನ್ನುವ ಹಾಗೆ. ಅಜ್ಜಿಯ ಮೊಮ್ಮಗ, ಹತ್ತು ವರ್ಷದವನು, “ಸಾರ್, ವಿಡಿಯೋ ಮಾಡ್ಲಿಲ್ಲ, ಇನ್ನೊಂದ್ಸಲ ಮಾಡಿ” ಅಂದ. ಅಜ್ಜಿ ಅವನ ತಲೆಗೆ ಮೊಟಕಿದರು. ಮೊಟಕಿ ತಾವೂ ಇನ್ನೊಂದಿಷ್ಟು ಹತ್ತಿರ ಬಂದು ನೋಡಿದರು.

ಜಲ್ಲಿ ಎಲ್ಲಿಂದ ಬಂತು ಗೊತ್ತೇ? ಪಕ್ಕದಲ್ಲೇ ಮಗ ಹೊಸ ಮನೆ ಕಟ್ಟಿಸುತ್ತಿದ್ದ, ಹಸು ದಿನಾ ಆ ರಾಶಿ ತುಳಿದು ನೀರಿಗೆ ಹೋಗುತ್ತಿತ್ತು. ಪೆಟ್ಟಾದ ಬೆರಳಿಗೆ ಬಿಡುವು ಬೇಕು, ಅದಕ್ಕೆ ಪಕ್ಕದ ಗಟ್ಟಿ ಬೆರಳಿಗೆ ಮರದ ಅಟ್ಟೆ ಅಂಟಿಸುತ್ತೇವೆ. ಹೈಹೀಲ್ಡು ಅನ್ನಿ. ಅದೇ ಮನೆಯ ಬಾಗಿಲುವಾಡದಲ್ಲಿ ಉಳಿದಿದ್ದ ಹಲಸಿನ ತುಂಡನ್ನು ಬಡಗಿ ಕೆತ್ತಿ ಕೊಟ್ಟ. ಕಾಲು ಇಳಿಸಿದ ಮೇಲೆ ಹಸು ಒಂದು ಗಳಿಗೆ ಅನುಮಾನದಲ್ಲಿ ನಿಂತು, ಮೆಲ್ಲಗೆ ನೆಲ ಊರಿ, ಬೂಸಾ ಬಕೆಟ್ಟಿನ ಕಡೆ ನಡೆಯಿತು. ಮೊಬೈಲಿನಲ್ಲಿ ಎಷ್ಟೇ ನೋಡಿ, ಆ ನಾಲ್ಕು ಹೆಜ್ಜೆ ನೋಡುವ ಸುಖ ಬೇರೆ.

ಹತ್ತು ನಿಮಿಷದಲ್ಲಿ ಮುಗಿಸಿ ಅಂದಿದ್ದರು. ಅಜ್ಜಿಯ ಹಸುವೇ ಅರ್ಧ ತಿಂದಿತು. ಬರೆದು ತಂದ ಉಳಿದದ್ದನ್ನು ಓಡಿಸಿಬಿಡುತ್ತೇನೆ. ಕುಡುಗೋಲು, ಮಚ್ಚು ಹಿಡಿದು ನೀವೇ ಕೊಯ್ಯಬೇಡಿ. ಉಗುರಿಗೆ ನೋವಿಲ್ಲ, ಒಳಗಿನ ಮಾಂಸಕ್ಕಿದೆ. ವಿಡಿಯೋದವರು ಅಂಗಾಲು ಎಷ್ಟು ದಪ್ಪ ಉಳಿಸಬೇಕು ಅಂತ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಲೇ ಇರುತ್ತಾರೆ, ಗಮನಿಸಿ. ಗೊರಸಿನ ಮುಂಭಾಗ ಸುಮಾರು ಏಳೂವರೆ ಸೆಂಟಿಮೀಟರ್, ಅಂದರೆ ನಾಲ್ಕು ಬೆರಳ ಅಗಲ. ಅದಕ್ಕಿಂತ ಉದ್ದ ಬೆಳೆದಿದ್ದರೆ ವೈದ್ಯರನ್ನು ಕರೆಯಿರಿ. ವರ್ಷಕ್ಕೆ ಎರಡು ಸಲ ಹೆರೆಸಿ, ಹಾಲು ಬತ್ತಿಸುವಾಗ ಒಂದು ಸಲ ಖಂಡಿತ. ಹಬ್ಬದ ಮಾರನೇ ದಿನ ಉಳಿದ ಅನ್ನ ಪಾಯಸ ಸುರಿಯಬೇಡಿ, ಹೊಟ್ಟೆ ಹುಳಿಯಾದರೆ ಅದರ ಏಟು ಗೊರಸಿಗೂ ಬೀಳುತ್ತದೆ. ಗೊರಸು ಅದ್ದಿಸುವ ಮೈಲುತುತ್ತದ ನೀರಿನ ವಿಚಾರ ಇನ್ನೊಂದು ದಿನ. ಆದರೆ ಕುಂಟುವ ತನಕ ಕಾಯಬೇಡಿ, ಕಾಲು ಎತ್ತಿ ನೋಡಿ. ಒಬ್ಬರೇ ಎತ್ತಲು ಹೋಗಬೇಡಿ, ಅಜ್ಜಿ ಹೇಳಿದ್ದು ಸರಿಯೇ.

ಆ ಮೊಮ್ಮಗ ಈಗ ಹೈಸ್ಕೂಲಿಗೆ ಹೋಗುತ್ತಾನೆ. ಊರಲ್ಲಿ ಯಾವ ಹಸು ಕುಂಟಿದರೂ ಯಜಮಾನರಿಗಿಂತ ಮೊದಲು ಅವನ ಫೋನು ನನಗೆ ಬರುತ್ತದೆ. “ಸಾರ್, ಇವತ್ತು ಚಾರ್ಜ್ ಫುಲ್ ಇದೆ, ಬೇಗ ಬನ್ನಿ” ಅನ್ನುತ್ತಾನೆ. ನಮಸ್ಕಾರ.