ಕಡಲಿನ ರಸಸಾರ, ಕೋಪೆಪಾಡ್‌ಗಳ ಸಂತಾನ

ಕೇಳುಗರೆಲ್ಲರಿಗೂ ನಮಸ್ಕಾರ.

ರಸಸಾರ, ಅಂದರೆ ಪಿಎಚ್, ಎಂದರೇನೆಂದು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಮಣ್ಣು ಪರೀಕ್ಷೆಯ ವರದಿ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದೇ ಆ ಅಂಕಿಯ ಕಡೆಗೆ. ಏಳಿದ್ದರೆ ಸಮ, ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಮಳೆ ಸುರಿದು ಸುರಿದು ಸುಣ್ಣದಂಶ ತೊಳೆದುಹೋಗುವ ನಮ್ಮ ತೋಟಗಳ ಮಣ್ಣು ಹುಳಿಯ ಕಡೆಗೇ ವಾಲುತ್ತದೆ. ನಾವು ಸುಣ್ಣ ಹಾಕಿ ಸರಿದೂಗಿಸುತ್ತೇವೆ. ಇದೇ ಅಳತೆಯಲ್ಲಿ ಸಮುದ್ರವೂ ಈಗ ಕೆಳಗಿಳಿಯುತ್ತಿದೆ. ಅಷ್ಟು ನೀರಿಗೆ ಸುಣ್ಣ ಹಾಕುವವರು ಯಾರು?

ಕಾರಣ ಸರಳ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ನಾವು ಸುಟ್ಟು ಹೊರಬಿಡುವುದರಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಅದು ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಕಡಲ ಮೇಲ್ಪದರದ ರಸಸಾರ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಕಡಲು ಇನ್ನೂ ಕ್ಷಾರವೇ, ನಿಜ. ಆದರೆ ಸಾಗುತ್ತಿರುವ ದಿಕ್ಕು ಹುಳಿಯದು. ರಸಸಾರದಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿದಂತೆ. ಆ ಲೆಕ್ಕದಲ್ಲಿ 0.1ರ ಈ ಇಳಿಕೆ ಎಂದರೆ ಶೇಕಡಾ 26ರಷ್ಟು ಏರಿಕೆ.

ಮೊದಲ ಪೆಟ್ಟು ಚಿಪ್ಪು ಕಟ್ಟುವ ಜೀವಿಗಳಿಗೆ. ಆಮ್ಲ ಹೆಚ್ಚಾದಂತೆ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ನೀರಿನಲ್ಲಿ ವಿರಳವಾಗುತ್ತದೆ. ಅಮೆರಿಕದ ಆರೆಗಾನ್ ತೀರದಲ್ಲಿ 2007ರ ಸುಮಾರಿಗೆ ಸಿಂಪಿಯ ಮರಿಗಳು ತೊಟ್ಟಿಗಳಲ್ಲೇ ರಾಶಿರಾಶಿಯಾಗಿ ಸತ್ತವು. ಸಾಕಣೆದಾರರು ನೀರಿಗೆ ಸೋಡಾ ಬೆರೆಸಿ ಉಳಿಸಿಕೊಂಡರು. ತೊಟ್ಟಿಯ ನೀರಿಗೆ ಅದು ಸಾಧ್ಯವಾಯಿತು.

ಚಿಪ್ಪಿಲ್ಲದವುಗಳಿಗೂ ನೆಮ್ಮದಿಯಿಲ್ಲ. ಕೋಪೆಪಾಡ್ ಎಂಬ ಜೀವಿಯನ್ನು ನೋಡಿ. ಸಿಗಡಿಯ ದೂರದ ಬಂಧು, ಗಾತ್ರ ಒಂದು ಮಿಲಿಮೀಟರಿನ ಆಸುಪಾಸು. ಘಟ್ಟ ಹತ್ತಿ ಶಿವಮೊಗ್ಗದ ಮಾರುಕಟ್ಟೆಗೆ ಬರುವ ಬಂಗುಡೆ, ಬೂತಾಯಿಗಳು ಕಡಲಲ್ಲಿ ತಿಂದು ಬೆಳೆಯುವ ಆಹಾರದಲ್ಲಿ ಇದೂ ಒಂದು. ಸುತ್ತಲಿನ ನೀರು ಹುಳಿಯಾದಾಗ ತನ್ನ ದೇಹದ್ರವವನ್ನು ಹದದಲ್ಲಿ ಇಟ್ಟುಕೊಳ್ಳಲು ಅದು ಶಕ್ತಿ ವ್ಯಯಿಸಬೇಕು. ಹಾಗೆ ವ್ಯಯವಾದ ಶಕ್ತಿ ಮೊಟ್ಟೆಗೆ ಸಿಗುವುದಿಲ್ಲ.

ಅಕಾರ್ಷಿಯಾ ಟಾನ್ಸಾ ಎಂಬ ಕೋಪೆಪಾಡನ್ನು ಅಮೆರಿಕದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ 25 ತಲೆಮಾರು, ಅಂದರೆ ಸುಮಾರು ಒಂದು ವರ್ಷ, ಬೆಳೆಸಿದರು. ನೀರಿನ ಉಷ್ಣತೆಯನ್ನು 18ರಿಂದ 22 ಡಿಗ್ರಿಗೆ ಏರಿಸಿ, ಇಂಗಾಲದ ಡೈಆಕ್ಸೈಡನ್ನು ಐದು ಪಟ್ಟು ಹೆಚ್ಚಿಸಿದರು. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಆರಂಭದಲ್ಲಿ ಮೊಟ್ಟೆ ಇಡುವುದೂ ಮರಿಯಾಗುವುದೂ ಕುಸಿದು, ಬದುಕಿ ಸಂತಾನ ಮುಂದುವರಿಸುವ ಸಾಮರ್ಥ್ಯ ಶೇಕಡಾ 56ರಷ್ಟು ತಗ್ಗಿತು. ಮೂರನೆಯ ತಲೆಮಾರಿನ ಹೊತ್ತಿಗೆ ಅವು ಚೇತರಿಸಿಕೊಂಡವು. ಆಮೇಲಿನ ಕೊರತೆ ಸರಾಸರಿ ಶೇಕಡಾ 9 ಮಾತ್ರ. ಆದರೆ ಆ ಕೊರತೆ ಪೂರ್ತಿ ತುಂಬಲೇ ಇಲ್ಲ.

ಇಷ್ಟು ಬೇಗ ಚೇತರಿಕೆ ಹೇಗಾಯಿತು? ಸಾಗರ, ಸೊರಬ ತಾಲ್ಲೂಕುಗಳ ಕಡೆ ವರದಾ ನದಿಯ ನೆರೆ ನಿಲ್ಲುವ ಗದ್ದೆಗಳಲ್ಲಿ ನೆರೆಗೂಳಿ ಎಂಬ ಭತ್ತ ಬೆಳೆಯುತ್ತಿದ್ದರು. ನೀರಿನಲ್ಲಿ ಮುಳುಗಿದರೂ ಕೊಳೆಯದ ತಳಿ ಅದು. ಆ ಗುಣ ನೆರೆ ಬಂದ ದಿನ ಹುಟ್ಟಿದ್ದಲ್ಲ, ಬೀಜದೊಳಗೆ ಮೊದಲೇ ಇತ್ತು. ನೆರೆ ಅದನ್ನು ಆರಿಸಿತು, ರೈತ ಎತ್ತಿಟ್ಟ. ಕಡಲಲ್ಲೂ ಹೀಗೆಯೇ. ಲಕ್ಷಾಂತರ ಮರಿಗಳಲ್ಲಿ ಕೆಲವಕ್ಕೆ ಆಮ್ಲವನ್ನು ತಾಳುವ ವಂಶವಾಹಿಯ ರೂಪ ಮೊದಲಿನಿಂದಲೇ ಇರುತ್ತದೆ. ಉಳಿದವು ಸಾಯುತ್ತವೆ, ಇವುಗಳ ಸಂತಾನ ಬೆಳೆಯುತ್ತದೆ.

ಇದಕ್ಕೆ ನನಗೆ ಅತ್ಯಂತ ಮೆಚ್ಚಿಗೆಯಾದ ಸಾಕ್ಷ್ಯ ಅರ್ಚಿನ್‌ನದು. ಮೈತುಂಬ ಮುಳ್ಳಿರುವ, ಚೆಂಡಿನಾಕಾರದ ನೇರಳೆ ಪ್ರಾಣಿ. ಅಮೆರಿಕದ ಪಶ್ಚಿಮ ಕರಾವಳಿಯ ಅರ್ಚಿನ್‌ಗಳ ಮರಿಗಳನ್ನು ಆಮ್ಲ ಹೆಚ್ಚಿದ ನೀರಿನಲ್ಲಿ ಬೆಳೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮರಿಗಳ ಆಕಾರದಲ್ಲೂ ಬೆಳವಣಿಗೆಯಲ್ಲೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಬರಿಗಣ್ಣಿಗೆ ಬಿಟ್ಟಿದ್ದರೆ ಏನೂ ಆಗಿಲ್ಲ ಎಂದು ಬರೆದುಬಿಡುತ್ತಿದ್ದರು. ಡಿಎನ್ಎ ಓದಿದಾಗ ನೂರಾರು ಕಡೆ ಬದಲಾವಣೆ ಕಂಡಿತು: ಅಸ್ಥಿಪಂಜರ ಕಟ್ಟುವ, ಕೊಬ್ಬು ಬಳಸುವ, ದೇಹದ ಲವಣಗಳ ಹದ ಕಾಯುವ ವಂಶವಾಹಿಗಳಲ್ಲಿ. ಆ ತೀರದಲ್ಲಿ ತಳದ ಹುಳಿನೀರು ಆಗಾಗ ಮೇಲೇಳುತ್ತದೆ. ಒಂದೇ ಹದದಲ್ಲಿ ನಿಲ್ಲದ ನೀರು ಬಗೆಬಗೆಯ ವಂಶವಾಹಿಗಳನ್ನು ಬದುಕಿಸಿಟ್ಟಿತ್ತು.

ಇಟಲಿಯ ಇಸ್ಕಿಯಾ ದ್ವೀಪದ ಬಳಿ ಕಡಲತಳದಿಂದಲೇ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಏಳುತ್ತದೆ. ಅಲ್ಲಿನ ಒಂದು ಜಾತಿಯ ಹುಳು ಹೊರಗಿನ ತನ್ನ ಬಂಧುಗಳಿಂದ ವಂಶವಾಹಿಯಲ್ಲೇ ಬೇರೆಯಾಗಿದೆ. ಪಕ್ಕದಲ್ಲೇ ಇರುವ ಇನ್ನೊಂದು ಜಾತಿ ಬರಿದೇ ಒಗ್ಗಿಕೊಂಡಿದೆ, ತಳಿ ಬದಲಾಗಿಲ್ಲ. ಒಂದೇ ಕಷ್ಟಕ್ಕೆ ಎರಡು ದಾರಿ.

ಹಾಗಾದರೆ ಜೀವಿಗಳು ಹೇಗೂ ಹೊಂದಿಕೊಳ್ಳುತ್ತವೆ, ಚಿಂತೆ ಏಕೆ ಎಂದು ಕೆಲವರು ಕೇಳುತ್ತಾರೆ. ಈ ಮಾತು ನನ್ನನ್ನು ಕಂಗೆಡಿಸುತ್ತದೆ. ಅದೇ ಕೋಪೆಪಾಡ್‌ಗಳನ್ನು 20 ತಲೆಮಾರುಗಳ ನಂತರ ಹಳೆಯ, ಹಿತವಾದ ನೀರಿಗೆ ಮರಳಿಸಿ ನೋಡಿದ್ದಾರೆ. ಅವು ಇಡುವ ಮೊಟ್ಟೆ ಕಡಿಮೆಯಾಯಿತು. ಆಹಾರ ತಗ್ಗಿಸಿದಾಗಲೂ ಸೋತವು. ಪರಿಸ್ಥಿತಿಗೆ ತಕ್ಕಂತೆ ವಂಶವಾಹಿಗಳ ಕೆಲಸವನ್ನು ಏರಿಳಿಸುವ ಚುರುಕು ಕುಗ್ಗಿತ್ತು, ಹಳೆಯ ನೀರಿಗೆ ಮತ್ತೆ ಹೊಂದಿಕೊಳ್ಳುವಾಗ ವಂಶವಾಹಿಗಳ ವೈವಿಧ್ಯವೂ ಸವೆಯಿತು. ಒಂದು ಸಂಕಟವನ್ನು ಗೆಲ್ಲಲು ಕೂಡಿಟ್ಟದ್ದನ್ನು ಖರ್ಚು ಮಾಡಿದ ಮೇಲೆ ಮುಂದಿನ ಸಂಕಟಕ್ಕೆ ಕೈಯಲ್ಲಿ ಕಡಿಮೆ ಉಳಿಯುತ್ತದೆ. ಅದೂ ವಾರಗಳಲ್ಲಿ ತಲೆಮಾರು ಕಳೆಯುವ ಜೀವಿಯ ಕಥೆ. ನಿಧಾನವಾಗಿ ಬೆಳೆದು ವರ್ಷಗಳ ನಂತರ ಸಂತಾನ ಕಾಣುವ ಜೀವಿಗಳಿಗೆ ಅಷ್ಟು ಸಮಯವೆಲ್ಲಿದೆ?

ನಮ್ಮ ಪಶ್ಚಿಮ ಕರಾವಳಿಯಲ್ಲೂ ಮಳೆಗಾಲದಲ್ಲಿ ತಳದ ತಣ್ಣೀರು ಮೇಲೇಳುತ್ತದೆ; ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದೇ ತಿಂಗಳುಗಳಲ್ಲಿ ನಮ್ಮ ಹೊಳೆಗಳು ಸಿಹಿನೀರನ್ನು ಅಳಿವೆಗಳಿಗೆ ಸುರಿಯುತ್ತವೆ. ಇಂಥ ಏರಿಳಿತದಲ್ಲಿ ಬಾಳುವ ಜೀವಿಗಳ ವಂಶವಾಹಿಗಳಲ್ಲಿ ಒಳ್ಳೆಯ ಸಂಗ್ರಹವೇ ಇರಬೇಕು ಎಂಬುದು ನನ್ನ ಬಲವಾದ ನಂಬಿಕೆ. ಆದರೆ ಆ ಸಂಗ್ರಹ ಉಳಿಯಬೇಕಾದರೆ ಜೀವಿಗಳು ದೊಡ್ಡ ಸಂಖ್ಯೆಯಲ್ಲಿರಬೇಕು. ಶಿರಸಿಯ ಕಡೆ ಹುಟ್ಟುವ ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಇಂದಿಗೂ ಸಾವಿರಾರು ಕುಟುಂಬಗಳು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸಿ ಬದುಕುತ್ತವೆ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯದು ಬೇರೆ ಪಾಡು. ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ವರ್ಷವಿಡೀ ಹರಿದು ಅಳಿವೆಯ ಉಪ್ಪು ತಗ್ಗಿದೆ, ಬಳಚೂ ಕುಗ್ಗಿದೆ. ನಮ್ಮ ಮನೆಯ ದೀಪಕ್ಕೂ ಆ ಅಳಿವೆಗೂ ಇಷ್ಟು ಹತ್ತಿರದ ನಂಟಿದೆ.

ಅದಕ್ಕೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ನಮ್ಮ ಜಿಲ್ಲೆಯ ಕಾಲೇಜುಗಳಲ್ಲೂ ಜೀವಶಾಸ್ತ್ರ ಓದುತ್ತಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಈ ಎರಡು ಅಳಿವೆಗಳಿಗೆ ಘಟ್ಟ ಇಳಿದು ಹೋಗಿ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ, ಸಣ್ಣ ಕಣ್ಣಿನ ಬಲೆಯಿಂದ ನೀರು ಸೋಸಿ ಸಿಕ್ಕ ಜೀವಿಗಳನ್ನು ಆಲ್ಕೋಹಾಲಿನಲ್ಲಿ ಕಾಪಿಡಿ. ಸೀಸೆಯ ಮೇಲೆ ತಾರೀಖು, ನೀರಿನ ಉಪ್ಪು, ಉಷ್ಣತೆ, ರಸಸಾರ ಬರೆಯಿರಿ. ವಂಶವಾಹಿ ಬದಲಾಗಿದೆಯೇ ಎಂದು ಇಪ್ಪತ್ತು ವರ್ಷಗಳ ನಂತರ ಕೇಳುವವರಿಗೆ ಹೋಲಿಸಿ ನೋಡಲು ಇಂದಿನ ಆ ಸೀಸೆಗಳೇ ಬೇಕು. ಈ ವರ್ಷದಿಂದಲೇ ಶುರುಮಾಡಿ.

ನಮಸ್ಕಾರ.